76 ಸಲ ಬಿದ್ದ ಫಸ್ಟ್ ರ‍್ಯಾಂಕ್ ಹುಡುಗ: ಡೇವಿಡ್ ಕಾರ್ ಕಥೆ

ಭಾಗ 1/4 🏈

ಫೋಟೋದಲ್ಲಿ 8ನೇ ನಂಬರ್ ಜೆರ್ಸಿ ಹಾಕ್ಕೊಂಡು ನೆಲಕ್ಕೆ ಬಿದ್ದಿದಾನಲ್ಲ, ಅವನೇ ಡೇವಿಡ್ ಕಾರ್. 2002ರಲ್ಲಿ ಅಮೆರಿಕದ ಕಾಲೇಜು ಆಟಗಾರರಲ್ಲೇ ಮೊದಲನೆಯವನಾಗಿ ಆಯ್ಕೆಯಾದ ಕ್ವಾರ್ಟರ್‌ಬ್ಯಾಕ್. ಇವತ್ತು ಎನ್‌ಎಫ್‌ಎಲ್‌ನ ದೊಡ್ಡ ಫ್ಲಾಪ್‌ಗಳ ಮಾತು ಬಂದಾಗೆಲ್ಲ ಇವನ ಹೆಸರೂ ಬರುತ್ತೆ.

ನಾನು ಬಿಕಾಂ ಸ್ಟೂಡೆಂಟ್. ಒಂದು ಖಾತೆಗೆ ಡೆಬಿಟ್ ಬರೆದ್ರೆ ಇನ್ನೊಂದಕ್ಕೆ ಕ್ರೆಡಿಟ್ ಬರೀಲೇಬೇಕು ಅನ್ನೋದು ನಮ್ಮ ಮೊದಲ ಪಾಠ. ಕಾರ್‌ನ ಲೆಕ್ಕದಲ್ಲಿ ಒಂದೇ ಖಾತೆ ಬರೆದು ಪುಸ್ತಕ ಮುಚ್ಚಿದ್ದಾರೆ ಅನ್ನೋದು ನನ್ನ ತಕರಾರು. ಪೂರ್ತಿ ಓದಿ, ಆಮೇಲೆ ನೀವೇ ಹೇಳಿ.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಇದು ನಾವು ನೋಡೋ ಫುಟ್ಬಾಲ್ ಅಲ್ಲ. ಚೆಂಡನ್ನ ಕೈಯಲ್ಲಿ ಎಸೆದು, ಇಲ್ಲಾ ಹಿಡ್ಕೊಂಡು ಓಡಿ ಮುಂದಕ್ಕೆ ಒಯ್ಯಬೇಕು. ಎಸೆಯೋನು ಕ್ವಾರ್ಟರ್‌ಬ್ಯಾಕ್. ಅವನ ಮುಂದೆ ಐದು ಜನ ದಢೂತಿಗಳು ಗೋಡೆ ಥರ ನಿಲ್ತಾರೆ, ಅದೇ ಆಫೆನ್ಸಿವ್ ಲೈನ್. ಗೋಡೆ ಒಡೆದು ಎದುರಾಳಿ ನುಗ್ಗಿ, ಚೆಂಡು ಎಸೆಯೋ ಮುಂಚೆಯೇ ಅವನನ್ನ ಕೆಡವಿದ್ರೆ ಅದು ಸ್ಯಾಕ್. ಕಬಡ್ಡಿಯಲ್ಲಿ ರೈಡರ್‌ನ ಹಿಡಿದು ಕೆಡವೋದು ನೋಡಿರ್ತೀರಲ್ಲ? ಇಲ್ಲಿ ನೂರು ಕೆಜಿ ಮೀರಿದ ಮನುಷ್ಯ, ಎಷ್ಟೋ ಸಲ ಬೆನ್ನ ಹಿಂದಿನಿಂದ, ಓಡಿ ಬಂದು ಗುದ್ದುತ್ತಾನೆ.

ಇನ್ನು ಡ್ರಾಫ್ಟ್. ಐಪಿಎಲ್ ಹರಾಜಿನಲ್ಲಿ ಜಾಸ್ತಿ ಕೂಗಿದವರಿಗೆ ಆಟಗಾರ. 1936ರಲ್ಲಿ ಶುರುವಾದ ಎನ್‌ಎಫ್‌ಎಲ್ ಡ್ರಾಫ್ಟ್‌ನಲ್ಲಿ ಹಿಂದಿನ ವರ್ಷ ಕೊನೆಗೆ ಬಂದ ತಂಡಕ್ಕೆ ಮೊದಲ ಆಯ್ಕೆ. ಹೊಸ ತಂಡ ಹುಟ್ಟಿದ್ರೆ ಆ ಅವಕಾಶ ಅದಕ್ಕೆ ಸಿಗಬಹುದು. ತಂಡಗಳಿಗೆ ಇದು ನ್ಯಾಯ. ಹುಡುಗನ ಕಡೆಯಿಂದ ನೋಡಿ: ಎಲ್ಲರಿಗಿಂತ ಮೊದಲು ಬಂದಿದ್ದಕ್ಕೆ ಬಹುಮಾನ, ಎಲ್ಲರಿಗಿಂತ ಹಿಂದಿರೋ ತಂಡ.

ಭಾಗ 2/4

ಕಾರ್ ಕ್ಯಾಲಿಫೋರ್ನಿಯಾದ ಬೇಕರ್ಸ್‌ಫೀಲ್ಡ್‌ನವನು. ಓದಿದ್ದು, ಆಡಿದ್ದು ಫ್ರೆಸ್ನೊ ಸ್ಟೇಟ್‌ನಲ್ಲಿ. ದೊಡ್ಡ ಹೆಸರಿನ ಕಾಲೇಜೇನಲ್ಲ. ಆದ್ರೆ 2001ರ ಸೀಸನ್ ಶುರುವಿನಲ್ಲೇ ಕೊಲರಾಡೊ, ಒರೆಗಾನ್ ಸ್ಟೇಟ್, ವಿಸ್ಕಾನ್ಸಿನ್, ಮೂರೂ ತಂಡಗಳನ್ನ ಸಾಲಾಗಿ ಸೋಲಿಸ್ತು. ಆ ವರ್ಷ ಕಾರ್ ಎಸೆದಿದ್ದು 4,839 ಗಜ, 46 ಟಚ್‌ಡೌನ್. ಅಂದ್ರೆ ಸುಮ್ಮನೆ ಲಾಟರಿ ಹೊಡೆದವನಲ್ಲ.

ಅತ್ತ ಹ್ಯೂಸ್ಟನ್ ಊರಿನ ಹಳೇ ತಂಡ ಆಯ್ಲರ್ಸ್ 1996ರ ಸೀಸನ್ ಮುಗಿಸಿ ಟೆನೆಸ್ಸಿಗೆ ಹೊರಟುಹೋಗಿತ್ತು. ಬಾಬ್ ಮೆಕ್‌ನೇರ್ ಅನ್ನೋ ಉದ್ಯಮಿ 1999ರಲ್ಲಿ 70 ಕೋಟಿ ಡಾಲರ್ ಕೊಟ್ಟು ಹೊಸ ತಂಡದ ಹಕ್ಕು ಪಡೆದ. ಅದೇ ಟೆಕ್ಸನ್ಸ್, ಲೀಗಿನ 32ನೇ ತಂಡ.

ಹೊಸ ತಂಡಕ್ಕೆ ಆಳು ಎಲ್ಲಿಂದ? ಬೇರೆ ತಂಡಗಳು "ಇವರನ್ನ ಬೇಕಾದ್ರೆ ತಗೊಳ್ಳಿ" ಅಂತ ಬಿಟ್ಟುಕೊಟ್ಟ ಪಟ್ಟಿಯಿಂದ. ಟೆಕ್ಸನ್ಸ್ ಅಲ್ಲಿ ಮೊದಲು ಆರಿಸಿದ್ದು ಟೋನಿ ಬೊಸೆಲ್ಲಿಯನ್ನ. ಲೆಫ್ಟ್ ಟ್ಯಾಕಲ್, ಅಂದ್ರೆ ಬಲಗೈಯಲ್ಲಿ ಎಸೆಯೋ ಕ್ವಾರ್ಟರ್‌ಬ್ಯಾಕ್‌ನ ಬೆನ್ನು ಕಾಯೋನು. ಆ ಕಾಲದ ಅತ್ಯುತ್ತಮರಲ್ಲಿ ಒಬ್ಬ. 2022ರಲ್ಲಿ ಹಾಲ್ ಆಫ್ ಫೇಮ್ ಕೂಡ ಸೇರಿದ. ಆದ್ರೆ ಆಗಲೇ ಅವನ ಭುಜ ಹೋಗಿತ್ತು. ಟೆಕ್ಸನ್ಸ್ ಪರ ಒಂದೇ ಒಂದು ಪಂದ್ಯ ಆಡದೆ ನಿವೃತ್ತನಾದ.

ಇದೇ ಥರ ಮೂರು ವರ್ಷ ಮುಂಚೆಯೂ ಆಗಿತ್ತು. 1999ರಲ್ಲಿ ಕ್ಲೀವ್‌ಲ್ಯಾಂಡ್‌ನಲ್ಲಿ ಬ್ರೌನ್ಸ್ ತಂಡವನ್ನ ಹೊಸದಾಗಿ ಕಟ್ಟಿದ್ರು. ಮೊದಲ ಆಯ್ಕೆ ಟಿಮ್ ಕೌಚ್, ಅವನೂ ಕ್ವಾರ್ಟರ್‌ಬ್ಯಾಕ್. ಮೊದಲ ವರ್ಷವೇ 56 ಸ್ಯಾಕ್. ಅಲ್ಲಿ ಮುಖ್ಯ ಕೋಚ್ ಆಗಿದ್ದ ಕ್ರಿಸ್ ಪಾಮರ್ ಅವರೇ 2002ರಲ್ಲಿ ಹ್ಯೂಸ್ಟನ್‌ನಲ್ಲಿ ಕಾರ್‌ನ ಆಟ ರೂಪಿಸೋ ಕೋಚ್. ಪಾಠ ಕಣ್ಣೆದುರೇ ಇತ್ತು.

ಭಾಗ 3/4

2002 ಸೆಪ್ಟೆಂಬರ್ 8. ಮೊದಲ ಪಂದ್ಯ, ಎದುರಿಗೆ ಪಕ್ಕದೂರಿನ ದೊಡ್ಡಣ್ಣ ಡಲ್ಲಾಸ್ ಕೌಬಾಯ್ಸ್. ಮೊದಲ ಸರದಿಯಲ್ಲೇ ಕಾರ್ ಟಚ್‌ಡೌನ್ ಪಾಸ್ ಎಸೆದ. 19-10ರಿಂದ ಟೆಕ್ಸನ್ಸ್ ಗೆದ್ದೇಬಿಡ್ತು! 1961ರ ನಂತರ ಹೊಸ ತಂಡವೊಂದು ತನ್ನ ಮೊದಲ ಪಂದ್ಯ ಗೆದ್ದಿದ್ದು ಅದೇ ಮೊದಲು. ಊರಿಗೆ ಊರೇ ಹಬ್ಬ.

ಹಬ್ಬ ಅಲ್ಲಿಗೆ ಮುಗೀತು. ಆ ಸೀಸನ್ನಿನ 16 ಪಂದ್ಯದಲ್ಲಿ ಕಾರ್‌ನ 76 ಸಲ ಕೆಡವಿದ್ರು. ಅದುವರೆಗಿನ ದಾಖಲೆ 1986ರಲ್ಲಿ ರಾಂಡಲ್ ಕನಿಂಗ್‌ಹ್ಯಾಮ್ ಹೆಸರಲ್ಲಿದ್ದ 72. ಹೆಚ್ಚುಕಮ್ಮಿ ಪಂದ್ಯಕ್ಕೆ ಐದು ಸಲ ನೆಲ ಕಂಡ, ಆದ್ರೂ ಒಂದು ಪಂದ್ಯವನ್ನೂ ಬಿಡದೆ ಹದಿನಾರಕ್ಕೂ ಇಳಿದ. ಡಿಸೆಂಬರ್‌ನಲ್ಲಿ ಪಿಟ್ಸ್‌ಬರ್ಗ್ ವಿರುದ್ಧ ಟೆಕ್ಸನ್ಸ್ 24-6ರಿಂದ ಗೆದ್ದಿತು, ಆದ್ರೆ ಇಡೀ ಪಂದ್ಯದಲ್ಲಿ ಅವರ ಆಕ್ರಮಣ ಮುಂದೆ ಹೋಗಿದ್ದು ಬರೀ 47 ಗಜ. ಮೂರೂ ಟಚ್‌ಡೌನ್ ತಂದುಕೊಟ್ಟಿದ್ದು ರಕ್ಷಣೆಯವರು.

ಮುಂದಿನ ವರ್ಷಗಳ ಸ್ಯಾಕ್ ನೋಡಿ:
2003: 15 (11 ಪಂದ್ಯ ಶುರುಮಾಡಿದ)
2004: 49
2005: 68
2006: 41

ಐದು ವರ್ಷಕ್ಕೆ ಒಟ್ಟು 249. 2004ರಲ್ಲಿ 7-9, ಸ್ವಲ್ಪ ಉಸಿರು ಬಂತು ಅನ್ನೋಷ್ಟರಲ್ಲಿ 2005ರಲ್ಲಿ 2-14.

ಹಾಗಾದ್ರೆ ಕಾರ್ ತಪ್ಪೇ ಇಲ್ವಾ? ಇದೆ. ಚೆಂಡನ್ನ ಬೇಗ ಬಿಡದೆ ಹಿಡ್ಕೊಂಡು ಎಷ್ಟೋ ಸ್ಯಾಕ್ ತಾನೇ ತಂದ್ಕೊಂಡ. ಆದ್ರೆ ಏಟು ತಿಂದು ತಿಂದು ಏನಾಗುತ್ತೆ ಅನ್ನೋದನ್ನೂ ಯೋಚ್ನೆ ಮಾಡಿ. ದೂರದಲ್ಲಿ ಓಡ್ತಿರೋ ತನ್ನವರನ್ನ ನೋಡಬೇಕಾದ ಕಣ್ಣು ಹತ್ತಿರ ನುಗ್ಗಿ ಬರೋರನ್ನೇ ನೋಡೋಕೆ ಶುರುಮಾಡುತ್ತೆ. 2006ರಲ್ಲಿ ಅವನ 68.3% ಪಾಸ್ ಗುರಿ ಮುಟ್ಟಿತು, ಲೀಗಿಗೇ ಮೊದಲು. ಬಫಲೊ ವಿರುದ್ಧ ಸತತ 22 ಪಾಸ್ ತಪ್ಪದೆ ಎಸೆದು ಆಗಿನ ದಾಖಲೆ ಸರಿಗಟ್ಟಿದ. ಕೈಯಲ್ಲಿ ವಿದ್ಯೆ ಇತ್ತು. ಆದ್ರೆ ಹೆಚ್ಚಿನವು ಹತ್ತಿರದ ಪಾಸ್‌ಗಳು, ಇಡೀ ವರ್ಷಕ್ಕೆ 11 ಟಚ್‌ಡೌನ್ ಅಷ್ಟೇ. ಧೈರ್ಯ ಸವೆದಿತ್ತು.

ಭಾಗ 4/4

2007ರಲ್ಲಿ ಹ್ಯೂಸ್ಟನ್ ಅಟ್ಲಾಂಟಾದಿಂದ ಮ್ಯಾಟ್ ಶಾಬ್‌ನ ತಂದು, ಕಾರ್‌ನ ಕೈಬಿಟ್ಟಿತು. ಆಗ ವಯಸ್ಸು ಇನ್ನೂ 27. ಕೆರೊಲೈನಾದಲ್ಲಿ ನಾಲ್ಕು ಪಂದ್ಯ ಶುರುಮಾಡಿದ, ಗೆದ್ದಿದ್ದು ಒಂದು. ಆಮೇಲೆ ಬೆಂಚು. ನ್ಯೂಯಾರ್ಕ್ ಜೈಂಟ್ಸ್ 2012ರ ಫೆಬ್ರವರಿಯಲ್ಲಿ ಸೂಪರ್ ಬೌಲ್ ಗೆದ್ದಾಗ ಆ ತಂಡದಲ್ಲಿದ್ದ, ಈಲೈ ಮ್ಯಾನಿಂಗ್‌ಗೆ ಬದಲಿಯಾಗಿ.

ಈ ಈಲೈ ಯಾರು ಗೊತ್ತಾ? 2004ರ ಮೊದಲ ಆಯ್ಕೆ. ಡ್ರಾಫ್ಟ್‌ಗೆ ಮುಂಚೆಯೇ "ನಾನು ಸ್ಯಾನ್ ಡಿಯಾಗೊಗೆ ಆಡಲ್ಲ" ಅಂತ ಪಟ್ಟು ಹಿಡಿದು, ಅದೇ ದಿನ ನ್ಯೂಯಾರ್ಕ್‌ಗೆ ಬದಲಾಯಿಸ್ಕೊಂಡವನು. ಅವನಪ್ಪ, ಅಣ್ಣ ಇಬ್ಬರೂ ಎನ್‌ಎಫ್‌ಎಲ್ ಕ್ವಾರ್ಟರ್‌ಬ್ಯಾಕ್‌ಗಳು, ಒಳಗಿನ ವಿಷಯ ಗೊತ್ತಿತ್ತು. ಕೊಟ್ಟ ಕಡೆ ಹೋದ ಹುಡುಗ, ಬೇಡ ಅಂದವನ ಪಕ್ಕ ಬೆಂಚಿನಲ್ಲಿ ಕೂತ.

ಕಾರ್‌ಗೆ ಒಬ್ಬ ತಮ್ಮ ಇದಾನೆ, ಡೆರೆಕ್. ಅಣ್ಣ ಹ್ಯೂಸ್ಟನ್ ಸೇರಿದಾಗ 11 ವರ್ಷ. ಹ್ಯೂಸ್ಟನ್ ಪಕ್ಕದ ಶುಗರ್ ಲ್ಯಾಂಡ್‌ನಲ್ಲಿ ಹೈಸ್ಕೂಲ್ ಓದ್ತಾ ಅಣ್ಣ ಬೀಳೋದನ್ನ ನೋಡ್ತಾ ಬೆಳೆದ. ಫ್ರೆಸ್ನೊ ಸ್ಟೇಟ್‌ಗೇ ಹೋಗಿ ತಾನೂ ಕ್ವಾರ್ಟರ್‌ಬ್ಯಾಕ್ ಆದ. 2014ರ ಡ್ರಾಫ್ಟ್‌ನಲ್ಲಿ 33ನೇ ಆಯ್ಕೆ ಹ್ಯೂಸ್ಟನ್‌ದು, ಡೆರೆಕ್ ಇನ್ನೂ ಉಳಿದಿದ್ದ. ಅವರು ಆರಿಸಿದ್ದು ಯಾರನ್ನ? ಆಫೆನ್ಸಿವ್ ಲೈನ್‌ನ ಒಬ್ಬ ಗಾರ್ಡ್‌ನ! ಗೋಡೆಯ ಇಟ್ಟಿಗೆ, ಕಾರ್ ಕುಟುಂಬಕ್ಕೆ 12 ವರ್ಷ ತಡವಾಗಿ. 36ನೆಯವನಾಗಿ ರೈಡರ್ಸ್ ಸೇರಿದ ಡೆರೆಕ್ ನಾಲ್ಕು ಸಲ ಪ್ರೊ ಬೌಲ್‌ಗೆ ಆಯ್ಕೆಯಾದ.

ನಾನ್ಯಾಕೆ ಇದನ್ನ ಇಷ್ಟುದ್ದ ಬರೀತಿದೀನಿ ಅಂದ್ರೆ, ನಮ್ಮ ಮನೇಲೂ ಒಬ್ಬ ಫಸ್ಟ್ ರ‍್ಯಾಂಕ್ ಅಣ್ಣ ಇದಾನೆ, ದೊಡ್ಡಪ್ಪನ ಮಗ. ಸೇರಿದ ಕಂಪನಿ ಎರಡೇ ವರ್ಷಕ್ಕೆ ಮುಳುಗ್ತು. ಈಗ ಮದುವೆ ಮನೇಲಿ "ಅಷ್ಟು ಓದಿ ಏನು ಮಾಡ್ದ?" ಅಂತಾರೆ. ನಾನೂ ಒಂದ್ಸಲ ಅಂದಿದೀನಿ. ಕಂಪನಿ ಬಗ್ಗೆ ಯಾರೂ ಕೇಳಲ್ಲ.

ಕಾರ್‌ನ ಖಾತೆಯಲ್ಲಿ ಬರೆದಿರೋದು: 79 ಪಂದ್ಯ ಶುರು, 23 ಗೆಲುವು, 56 ಸೋಲು. ಲೆಕ್ಕ ಸರಿ ಇದೆ, ನಾನು ಅಳಿಸಲ್ಲ. ಎದುರು ಖಾತೆಯಲ್ಲಿ ಹ್ಯೂಸ್ಟನ್‌ನ ಆ 249 ಸ್ಯಾಕ್ ಕೂಡ ಬರೀರಿ ಅಂತಷ್ಟೇ ನನ್ನ ವಾದ.

ನಿಮಗೆ ಗೊತ್ತಿರೋ "ಫ್ಲಾಪ್" ಯಾರು? ಅವರ ಗೋಡೆ ಹೇಗಿತ್ತು? ಕಾಮೆಂಟ್ ಮಾಡಿ 👇

#ಕನ್ನಡದಲ್ಲಿ_ಇತಿಹಾಸ #ಆಟದ_ಕಥೆಗಳು #ಡೇವಿಡ್_ಕಾರ್