ಬೇಕಲದ ನಾಲ್ಕಂಗುಲದ ಗಾಜು

ದೊಡ್ಡದೆಲ್ಲ ಒಳ್ಳೆಯದು ಎಂಬ ಭಾವನೆ ಮನುಷ್ಯನಲ್ಲಿ ಬಹು ಹಳೆಯದು. ಊರಿಗೆ ದೊಡ್ಡ ತೇರು, ಮನೆಗೆ ದೊಡ್ಡ ಬಾಗಿಲು, ಮದುವೆಗೆ ದೊಡ್ಡ ಚಪ್ಪರ ಇದ್ದರೆ ಅದರ ಮರ್ಯಾದೆಯೇ ಬೇರೆ. ಆಕಾಶವನ್ನು ನೋಡುವ ಗಾಜಿನ ವಿಷಯದಲ್ಲಿಯೂ ಈ ಭಾವನೆಯೇ ನಡೆದುಬಂದಿದೆ. ಆದರೆ ಆಕಾಶದ ಛಾಯಾಚಿತ್ರ ತೆಗೆಯುವ ಕೆಲಸದಲ್ಲಿ ಅದು ಎಷ್ಟರ ಮಟ್ಟಿಗೆ ನಿಜವೆಂಬುದಕ್ಕೆ ನಮ್ಮ ನಾಡಿನ ಅಂಚಿನಲ್ಲಿಯೇ, ಕಾಸರಗೋಡಿನ ಹತ್ತಿರದ ಬೇಕಲದಲ್ಲಿ, ೧೮೭೧ರಲ್ಲಿ ಒಂದು ಒಳ್ಳೆಯ ಉತ್ತರ ದೊರೆಯಿತು.

ಈ ಹಳೆಯ ಸಂಗತಿಯನ್ನು ಈಗ ಕೆದಕಲು ಕಾರಣವುಂಟು. ನನ್ನ ಊರು ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ಹಂದನಕೆರೆ. ತೆಂಗೇ ನಮ್ಮ ಬದುಕು. ನನ್ನಲ್ಲಿ ಎಪ್ಪತ್ತು ಮಿಲಿಮೀಟರ್ ಅಗಲದ ಒಂದು ಗಾಜಿನ ದೂರದರ್ಶಕವಿದೆ. ಶನಿಯ ಬಳೆಯನ್ನೂ ಚಂದ್ರನ ಕುಳಿಗಳನ್ನೂ ಅದು ಚೆನ್ನಾಗಿಯೇ ತೋರಿಸುತ್ತದೆ. ನೀಹಾರಿಕೆಗಳ ಚಿತ್ರ ತೆಗೆಯಲು ಮಾತ್ರ ಒಗ್ಗದು. ಈ ವರ್ಷ ಅಟ್ಟದಿಂದ ಇಳಿಸಿದ ಕೊಬ್ಬರಿಯ ಹಣದಲ್ಲಿ ನನ್ನ ಪಾಲಿಗೆ ಸ್ವಲ್ಪ ಉಳಿದಿದೆ. ಇಷ್ಟು ಹಣ ಮತ್ತೊಮ್ಮೆ ಕೈಗೂಡುವುದು ಯಾವ ಕಾಲಕ್ಕೋ ಹೇಳಲಾಗದು. ಅದರಲ್ಲಿ ನೂರಿಪ್ಪತ್ತು ಮಿಲಿಮೀಟರಿನ ಸಾಧಾರಣ ಗಾಜು ಕೊಳ್ಳಬಹುದು. ಇಲ್ಲವೆ ಎಪ್ಪತ್ತೆರಡು ಮಿಲಿಮೀಟರಿನ ಉತ್ತಮ ಗಾಜು ಕೊಳ್ಳಬಹುದು. ಇದನ್ನು ಕೇಳಿದ ನಮ್ಮ ದೊಡ್ಡಪ್ಪನವರು, “ಅಲ್ಲ ಕಣಪ್ಪಾ, ಅಷ್ಟೇ ದುಡ್ಡಿಗೆ ದೊಡ್ಡದು ಬರುವಾಗ ಚಿಕ್ಕದನ್ನ ಯಾಕೆ ತರ್ತೀಯ? ದಪ್ಪ ಗಿಟುಕಿಗೆ ಇರೋ ಬೆಲೆ ಸಣ್ಣದಕ್ಕೆ ಇದ್ದೀತಾ?” ಎಂದು ಕೇಳಿದರು. ತಿಪಟೂರಿನ ಸಂತೆಯನ್ನು ಕಂಡವರ ಪ್ರಶ್ನೆ, ಹಗುರಾಗಿ ತಳ್ಳಿಹಾಕತಕ್ಕದ್ದಲ್ಲ. ಉತ್ತರಕ್ಕಾಗಿ ನಾನು ಚರಿತ್ರೆಯ ಕಡೆಗೆ ತಿರುಗಬೇಕಾಯಿತು.

ಮೊದಲು ಗಾಜಿನ ದೋಷವನ್ನು ತಿಳಿಯಬೇಕು. ಒಂದೇ ಮಸೂರದ ಮೂಲಕ ಹಾದುಬಂದ ಬೆಳಕಿನ ಬಣ್ಣಗಳೆಲ್ಲ ಒಂದೇ ಬಿಂದುವಿನಲ್ಲಿ ಕೂಡುವುದಿಲ್ಲ. ನೀಲಿ ಮುಂಚೆ, ಕೆಂಪು ಆಮೇಲೆ. ಎರಡು ಬಗೆಯ ಗಾಜುಗಳನ್ನು ಜೋಡಿಸಿ ಈ ದೋಷವನ್ನು ತಗ್ಗಿಸುವ ಮಸೂರಕ್ಕೆ ಇಂಗ್ಲೆಂಡಿನ ಜಾನ್ ಡಾಲಂಡ್ ೧೭೫೮ರಲ್ಲಿ ಪೇಟೆಂಟ್ ಪಡೆದನು. ಆದರೆ ಆ ಜೋಡಣೆಯೂ ಕಣ್ಣಿಗೆ ಹಿತವಾದ ಹಳದಿ-ಹಸುರು ಬೆಳಕನ್ನೇ ಸರಿಯಾಗಿ ಕೂಡಿಸುತ್ತಿತ್ತು. ಅಂದಿನ ಛಾಯಾಚಿತ್ರದ ಫಲಕಗಳಿಗಾದರೋ ನೀಲಿ ಮತ್ತು ನೇರಳೆಯೇ ಪ್ರಿಯ. ಕಣ್ಣಿಗೆ ಸೂಜಿಯ ಮೊನೆಯಂತೆ ಕಂಡ ನಕ್ಷತ್ರ ಫಲಕದ ಮೇಲೆ ಹಿಂಜಿದ ಹತ್ತಿಯಂತಾಗುತ್ತಿತ್ತು. ಅಮೆರಿಕದ ಲೂಯಿಸ್ ರದರ್‌ಫರ್ಡ್ ೧೮೬೪ರಲ್ಲಿ ಫಲಕಕ್ಕೆಂದೇ ತಿದ್ದಿದ ಹನ್ನೊಂದು ಕಾಲು ಅಂಗುಲದ ಮಸೂರವನ್ನು ಸಿದ್ಧಪಡಿಸಿದನು. ಅದರಿಂದ ಕಣ್ಣಿನಲ್ಲಿ ನೋಡಲು ಬರುತ್ತಿರಲಿಲ್ಲ. ನೋಡುವ ಗಾಜು ಬೇರೆ, ಚಿತ್ರಿಸುವ ಗಾಜು ಬೇರೆ ಎಂಬ ತಿಳಿವಳಿಕೆ ಆ ಕಾಲದಲ್ಲಿ ಹೀಗೆ ನೆಲೆಗೊಂಡಿತು.

೧೮೬೮ರ ಆಗಸ್ಟ್ ೧೮ರಂದು ಖಗ್ರಾಸ ಸೂರ್ಯಗ್ರಹಣದ ನೆರಳು ದಕ್ಷಿಣ ಭಾರತವನ್ನು ದಾಟಿತು. ಇಂದು ಬಾಗಲಕೋಟೆ ಜಿಲ್ಲೆಗೆ ಸೇರಿರುವ ಜಮಖಂಡಿಯಲ್ಲಿ ಲೆಫ್ಟಿನೆಂಟ್ ಜಾನ್ ಹರ್ಷೆಲ್ ಐದು ಅಂಗುಲದ ದೂರದರ್ಶಕಕ್ಕೆ ರೋಹಿತದರ್ಶಕವನ್ನು ಜೋಡಿಸಿಕೊಂಡು ಕಾದಿದ್ದನು. ಯುರೇನಸ್ ಗ್ರಹವನ್ನು ಕಂಡುಹಿಡಿದ ವಿಲಿಯಂ ಹರ್ಷೆಲನ ಮೊಮ್ಮಗ ಈತ. ಮೋಡಗಳು ಕಾಡಿದವು, ಆದರೂ ಅವುಗಳ ಸಂದಿನಲ್ಲಿ ಸೂರ್ಯನ ಅಂಚಿನಿಂದ ಚಾಚಿದ ಜ್ವಾಲೆಯ ಬೆಳಕು ಕೆಂಪು, ಕಿತ್ತಳೆ, ನೀಲಿ ಗೆರೆಗಳಾಗಿ ಒಡೆದದ್ದನ್ನು ಅವನು ಕಂಡನು. ಆ ಚಾಚುಗಳು ಉರಿಯುವ ಅನಿಲವೆಂಬುದಕ್ಕೆ ಅದು ಸಾಕ್ಷಿಯಾಯಿತು. ಇದು ಕಣ್ಣಿನ ಕೆಲಸ. ಅದಕ್ಕೆ ದೊಡ್ಡ ಗಾಜೇ ಸೈ.

ಉಳಿದದ್ದು ಸೂರ್ಯನ ಸುತ್ತಲಿನ ಬೆಳ್ಳನೆಯ ಪ್ರಭಾವಲಯ. ಅದು ಸೂರ್ಯನದೋ, ನಮ್ಮ ವಾಯುಮಂಡಲದ ಮಾಯೆಯೋ ಎಂಬ ಚರ್ಚೆ ವಿದ್ವಾಂಸರಲ್ಲಿ ನಡೆದೇ ಇತ್ತು. ಅದರ ನಂಬತಕ್ಕ ಚಿತ್ರ ಬೇಕಾಗಿತ್ತು. ಸ್ಪೇನ್ ದೇಶದಲ್ಲಿ ೧೮೬೦ರ ಗ್ರಹಣವನ್ನು ಚಿತ್ರಿಸಿದ ವಾರನ್ ಡಿ ಲಾ ರೂ, ಮೂರೂವರೆ ಅಂಗುಲಕ್ಕೆ ತುಸು ಕಡಿಮೆ ಅಗಲದ ಮಸೂರ ಕೊಟ್ಟ ಬಿಂಬವನ್ನು ಇನ್ನೊಂದು ಮಸೂರದಿಂದ ಹಿಗ್ಗಿಸಿ ನಾಲ್ಕು ಅಂಗುಲದಷ್ಟು ಮಾಡಿದ್ದನು. ಚಾಚುಗಳು ಸೊಗಸಾಗಿ ಮೂಡಿದವು. ಮಂಕಾದ ಪ್ರಭಾವಲಯ ಮೂಡಲಿಲ್ಲ. ಒಂದು ಸೇರು ಹಾಲಿಗೆ ಕೊಳಗ ನೀರು ಬೆರೆಸಿದಂತೆ ಬೆಳಕು ತೆಳುವಾಗಿತ್ತು.

ಮ್ಯಾಂಚೆಸ್ಟರಿನ ಛಾಯಾಗ್ರಾಹಕ ಆಲ್ಫ್ರೆಡ್ ಬ್ರದರ್ಸ್ ೧೮೭೦ರ ಡಿಸೆಂಬರಿನಲ್ಲಿ ಸಿಸಿಲಿಯ ಸಿರಾಕ್ಯೂಸಿನಲ್ಲಿ ಬೇರೆ ದಾರಿ ಹಿಡಿದನು. ದೊಡ್ಡ ದೂರದರ್ಶಕವನ್ನು ಬಿಟ್ಟು, ಛಾಯಾಗ್ರಾಹಕರು ಬಳಸುವಂಥ ಡಾಲ್ಮೇಯರ್ ಕಂಪನಿಯ ನಾಲ್ಕಂಗುಲದ ಮಸೂರವನ್ನು ಹೂಡಿದನು. ಬಿಂಬ ಒಂದು ಅಂಗುಲದ ಮೂರನೆಯ ಒಂದು ಪಾಲಿಗಿಂತಲೂ ಚಿಕ್ಕದು. ಆದರೆ ಪ್ರಭಾವಲಯ ಬಹು ದೂರದವರೆಗೆ ಹರಡಿ ಮೂಡಿತು.

ಮಾರನೆಯ ವರ್ಷದ ಗ್ರಹಣ ನಮ್ಮ ಕರಾವಳಿಗೇ ಬಂತು. ಕೆಳದಿಯ ಶಿವಪ್ಪನಾಯಕನ ಹೆಸರಿನೊಡನೆ ಬೆರೆತಿರುವ ಕೋಟೆಯ ಊರು ಬೇಕಲ. ಆಗ ಮದ್ರಾಸ್ ಆಧಿಪತ್ಯದ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿತ್ತು, ೧೯೫೬ರಲ್ಲಿ ಕೇರಳಕ್ಕೆ ಹೋಯಿತು. ಅಲ್ಲಿ ೧೮೭೧ರ ಡಿಸೆಂಬರ್ ೧೨ರ ಬೆಳಿಗ್ಗೆ ನಾರ್ಮನ್ ಲಾಕಿಯರನ ತಂಡ ಬೀಡುಬಿಟ್ಟಿತ್ತು. ತಂಡದ ಛಾಯಾಗ್ರಾಹಕ ಡೇವಿಸ್. ಅವನನ್ನು ಕಳುಹಿದವನು ಲಾರ್ಡ್ ಲಿಂಡ್ಸೆ. ಸಲಕರಣೆ ಮತ್ತೆ ಡಾಲ್ಮೇಯರನ ನಾಲ್ಕಂಗುಲದ ಮಸೂರ, ನಾಭಿದೂರ ಸುಮಾರು ಮೂವತ್ಮೂರು ಅಂಗುಲ. ಲೆಕ್ಕ ಹಾಕಿದರೆ ಸೂರ್ಯಬಿಂಬ ಎಂಟು ಮಿಲಿಮೀಟರ್ ಕೂಡ ಆಗುವುದಿಲ್ಲ, ನಮ್ಮ ಕಡಲೆಕಾಳಿನಷ್ಟು! ಡಿ ಲಾ ರೂ ಹಿಗ್ಗಿಸಿದ ಬಿಂಬಕ್ಕೆ ಹೋಲಿಸಿದರೆ ಫಲಕದ ಒಂದೊಂದು ಚುಕ್ಕೆಗೂ ಬಿದ್ದ ಬೆಳಕು ಇನ್ನೂರು ಪಟ್ಟಿಗೂ ಮಿಕ್ಕು.

ಅದು ಹಸಿ ಫಲಕದ ಕಾಲ. ಗಾಜಿಗೆ ಕೊಲೋಡಿಯನ್ ಬಳಿದು, ಬೆಳ್ಳಿಯ ದ್ರಾವಣದಲ್ಲಿ ಅದ್ದಿ, ಆರುವ ಮೊದಲೇ ಚಿತ್ರ ಹಿಡಿದು, ಆರುವ ಮೊದಲೇ ತೊಳೆಯಬೇಕು. ಕರಾವಳಿಯ ಸೆಕೆಯಲ್ಲಿ ಇದನ್ನು ಮಾಡುವುದೆಂದರೆ ಕುದಿಯುವ ಎಸರಿನ ಮುಂದೆ ಬೆಣ್ಣೆ ಕಾಯುವ ಕೆಲಸ. ಗ್ರಹಣ ಪೂರ್ಣವಾಗಿದ್ದದ್ದು ಎರಡು ನಿಮಿಷದ ಆಚೀಚೆ. ಅಷ್ಟರಲ್ಲಿ ಡೇವಿಸನಿಗೆ ಐದು ಚಿತ್ರಗಳು ದೊರೆತವು. ಇನ್ನೂರು ಕಿಲೋಮೀಟರಿಗೂ ಹೆಚ್ಚು ದೂರದ ದೊಡ್ಡಬೆಟ್ಟದ ಮೇಲೆ ಕರ್ನಲ್ ಟೆನೆಂಟನ ತಂಡವೂ ಚಿತ್ರ ತೆಗೆದಿತ್ತು. ಕಡಲ ದಂಡೆಯ ಚಿತ್ರವನ್ನೂ ಬೆಟ್ಟದ ತುದಿಯ ಚಿತ್ರವನ್ನೂ ಹೋಲಿಸಿದಾಗ ಪ್ರಭಾವಲಯದ ಎಳೆಗಳೂ ಬಿರುಕುಗಳೂ ಒಂದಕ್ಕೊಂದು ತಾಳೆಯಾದವು. ವಾಯುಮಂಡಲದ ಮಾಯೆಯಾಗಿದ್ದರೆ ಎರಡು ಕಡೆಯೂ ಒಂದೇ ರೂಪ ಹೇಗೆ ಬಂದೀತು? ಪ್ರಭಾವಲಯ ಸೂರ್ಯನದೇ ಎಂಬ ಮಾತಿಗೆ ಕಡಲೆಕಾಳಿನಷ್ಟು ಬಿಂಬ ಹೀಗೆ ಬಲ ಕೊಟ್ಟಿತು.

ಹಾಗಾದರೆ ದೊಡ್ಡ ಗಾಜು ವ್ಯರ್ಥವೆ? ಅಲ್ಲ. ಗ್ರಹಗಳ ಮೈಮೇಲಿನ ಸೂಕ್ಷ್ಮಗಳಿಗೆ, ಜೋಡಿ ನಕ್ಷತ್ರಗಳನ್ನು ಬಿಡಿಸಿ ನೋಡಲು ಅದಕ್ಕೆ ಸಾಟಿಯಿಲ್ಲ. ಆದರೆ ಹರಡಿಕೊಂಡ ಮಂಕು ಬೆಳಕನ್ನು ಚಿತ್ರಿಸುವಾಗ ಗಾಜಿನ ಅಗಲವೊಂದೇ ಅಲ್ಲ, ಅಗಲಕ್ಕೂ ನಾಭಿದೂರಕ್ಕೂ ಇರುವ ಪ್ರಮಾಣವೇ ಮುಖ್ಯ. ನನ್ನ ಮುಂದಿರುವ ದೊಡ್ಡ ಗಾಜಿನ ನಾಭಿದೂರ ಸಾವಿರ ಮಿಲಿಮೀಟರ್. ಚಿಕ್ಕದರದು ನಾನೂರ ಮೂವತ್ತು. ಲೆಕ್ಕ ಮಾಡಿದರೆ ಚಿಕ್ಕ ಗಾಜಿನ ಬಿಂಬವೇ ಸುಮಾರು ಎರಡು ಪಟ್ಟು ಕಾಂತಿಯುಳ್ಳದ್ದು. ಮೂರು ಡಿಗ್ರಿಯಷ್ಟು ಹರಡಿರುವ ದೇವಯಾನಿ ನೀಹಾರಿಕೆ ಚಿಕ್ಕದರಲ್ಲಿ ಇಡಿಯಾಗಿ ಹಿಡಿಸುತ್ತದೆ. ದೊಡ್ಡದರಲ್ಲಿ ನಡುಭಾಗ ಮಾತ್ರ. ಇಂದಿನ ಕ್ಯಾಮೆರಾ ನೀಲಿಯನ್ನೂ ಕೆಂಪನ್ನೂ ಒಟ್ಟಿಗೇ ದಾಖಲಿಸುವುದರಿಂದ ಸಾಧಾರಣ ಗಾಜಿನಲ್ಲಿ ಪ್ರಕಾಶವಾದ ನಕ್ಷತ್ರಗಳ ಸುತ್ತ ನೇರಳೆಯ ಹೊಗೆ ಕಟ್ಟುತ್ತದೆ. ಬಣ್ಣಗಳನ್ನು ಕಡಿಮೆ ಚೆದರಿಸುವ ಇ.ಡಿ. ಗಾಜಿನಲ್ಲಿ ಆ ಹೊಗೆ ಬಹುಮಟ್ಟಿಗೆ ಇಲ್ಲ. ರದರ್‌ಫರ್ಡನ ಚಿಂತೆಗೆ ಇದು ನಮ್ಮ ಕಾಲದ ಉತ್ತರ.

ಇನ್ನೊಂದು ಮಾತು, ಎಲ್ಲಕ್ಕಿಂತ ಮುಖ್ಯವಾದದ್ದು. ಆಕಾಶ ನಿಲ್ಲುವುದಿಲ್ಲ. ಒಂದು ಸೆಕೆಂಡಿನಲ್ಲಿ ಅದು ಸರಿಯುವಷ್ಟಕ್ಕೆ ಸಾವಿರ ಮಿಲಿಮೀಟರಿನ ನಾಭಿದೂರದಲ್ಲಿ ಬಿಂಬ ಮಿಲಿಮೀಟರಿನ ನೂರರಲ್ಲಿ ಏಳು ಪಾಲು ಜಾರುತ್ತದೆ. ನಾನೂರ ಮೂವತ್ತರಲ್ಲಿ ಮೂರು ಪಾಲು. ಈ ಜಾರಿಕೆಯನ್ನು ಗಡಿಯಾರದಂತೆ ತಿರುಗಿ ಸರಿದೂಗಿಸುವ ಪೀಠ ಬೇಕು. ಗಾಜು ಭಾರವಾದಷ್ಟೂ ಪೀಠಕ್ಕೆ ಹಣ ಹೆಚ್ಚು. ಆ ಪೀಠದ ಅಕ್ಷವನ್ನು ಧ್ರುವ ನಕ್ಷತ್ರದ ಕಡೆಗೆ ಹೂಡಬೇಕು. ಹಂದನಕೆರೆಯಲ್ಲಿ ಧ್ರುವನಿರುವುದು ಬಡಗಣ ದಿಗಂತದಿಂದ ಹದಿಮೂರು ಡಿಗ್ರಿಯ ಮೇಲೆ. ತೋಟದಲ್ಲಿ ನಿಂತರೆ ತೆಂಗಿನ ಗರಿಗಳ ಹಿಂದೆ ಅವಿತಿರುತ್ತಾನೆ. ಆದ್ದರಿಂದ ಎಲ್ಲವನ್ನೂ ಹೊತ್ತುಕೊಂಡು ಕೆರೆಯ ಏರಿಗೇ ಹೋಗಬೇಕು. ಒಬ್ಬನೇ ಹೊತ್ತೊಯ್ಯಲಾಗದ ದೂರದರ್ಶಕ ಮನೆಯ ಮೂಲೆಯಲ್ಲಿ ಧೂಳು ತಿನ್ನುತ್ತದೆ.

ನಮ್ಮ ತೆಂಗಿನ ಸೀಮೆಯವರಿಗೆ ಈ ವಿದ್ಯೆ ಅಪರಿಚಿತವಲ್ಲ. ಕೊಬ್ಬರಿಯಾಗುವ ಕಾಯಿ ಅಟ್ಟದ ಮೇಲೆ ತಿಂಗಳುಗಟ್ಟಲೆ ಅಲುಗಾಡದೆ ಮಲಗಬೇಕು; ಒಳಗಿನ ನೀರು ತಾನಾಗಿ ಇಂಗಬೇಕು; ಕಡೆಗೆ ಚಿಪ್ಪಿನೊಳಗೆ ಗಿಟುಕು ಸಡಿಲಾಗಿ ಸದ್ದು ಮಾಡಬೇಕು. ಆತುರಪಟ್ಟು ಒಡೆದವನಿಗೆ ಗಿಟುಕು ದೊರೆಯುವುದಿಲ್ಲ. ಆಕಾಶದ ಬೆಳಕೂ ಹಾಗೆಯೇ, ಅಲುಗದ ಪೀಠದ ಮೇಲೆ ಗಂಟೆಗಟ್ಟಲೆ ಕೂಡಿಟ್ಟರೆ ತಾನೆ ಚಿತ್ರ. ಗಾಜು ಕಾಯಿಯಾದರೆ ಪೀಠವೇ ಅಟ್ಟ. ಅಟ್ಟ ಭದ್ರವಿಲ್ಲದವನು ದಪ್ಪ ಕಾಯಿಗಳನ್ನು ಕೂಡಿಹಾಕಿ ಮಾಡುವುದೇನು?

ನನ್ನ ಹಣದ ದೊಡ್ಡ ಪಾಲು ಪೀಠಕ್ಕೆ, ಉಳಿದದ್ದು ಎಪ್ಪತ್ತೆರಡು ಮಿಲಿಮೀಟರಿನ ಗಾಜಿಗೆ ಎಂದು ನಿಶ್ಚಯಿಸಿದ್ದೇನೆ. ಶನಿಯನ್ನೂ ಚಂದ್ರನನ್ನೂ ನೋಡಬಯಸುವ ಊರಿನ ಮಕ್ಕಳಿಗೆ ಹಳೆಯ ದೂರದರ್ಶಕ ಇದ್ದೇ ಇದೆ. ದೊಡ್ಡಪ್ಪನವರು ಇದಕ್ಕೆ ಇನ್ನೂ ಪೂರ್ತಿ ಒಪ್ಪಿಲ್ಲ. ಚಿತ್ರ ನೋಡಿದ ಮೇಲೆ ಹೇಳುತ್ತೇನೆ ಎಂದಿದ್ದಾರೆ. ಅದು ನ್ಯಾಯವಾದ ಮಾತು. ಬೇಕಲದ ಗಾಜನ್ನು ಲೋಕ ಒಪ್ಪಿದ್ದೂ ಅದು ತಂದ ಚಿತ್ರಗಳನ್ನು ನೋಡಿದ ಮೇಲೆಯೇ.