ಚಂದ್ರ ಅಡ್ಡ ಬಂದಾಗ ತಿಳಿದ ಗುಟ್ಟು

ಕ್ರಿ.ಶ. 1054ರ ಜುಲೈ 4ರಂದು ಚೀನಾದ ಆಸ್ಥಾನ ಜ್ಯೋತಿಷಿಗಳು ವೃಷಭ ರಾಶಿಯಲ್ಲಿ ‘ಅತಿಥಿ ನಕ್ಷತ್ರ’ವೊಂದನ್ನು ಕಂಡು ದಾಖಲಿಸಿದರು. 23 ದಿನ ಅದು ಹಗಲಿನಲ್ಲೇ ಕಾಣುತ್ತಿತ್ತು. 1056ರ ಏಪ್ರಿಲ್ ವೇಳೆಗೆ ಕಣ್ಮರೆಯಾಯಿತು. ಅವರು ಕಂಡದ್ದು ಹೊಸ ನಕ್ಷತ್ರದ ಹುಟ್ಟಲ್ಲ, ಹಳೆಯದರ ಸಾವು. ಸುಮಾರು 6,500 ಜ್ಯೋತಿರ್ವರ್ಷ ದೂರದಲ್ಲಿ ಸಿಡಿದ ಆ ನಕ್ಷತ್ರದ ಅವಶೇಷವೇ ಏಡಿ ನೀಹಾರಿಕೆ. 19ನೆಯ ಶತಮಾನದಲ್ಲಿ ಐರ್ಲೆಂಡಿನ ಲಾರ್ಡ್ ರಾಸ್ ಬಿಡಿಸಿದ ಚಿತ್ರದಿಂದ ಬಂದ ಹೆಸರು ಅದು. ಇಂದಿನ ಛಾಯಾಚಿತ್ರಗಳಲ್ಲಿ ಏಡಿಯನ್ನು ಹುಡುಕಿದರೆ ನಿರಾಶೆಯೇ ಗತಿ.

ಈ ನೀಹಾರಿಕೆಯಿಂದ ಕ್ಷ-ಕಿರಣಗಳೂ ಬರುತ್ತಿವೆ ಎಂದು 1963ರಲ್ಲಿ ಅಮೆರಿಕದ ನೌಕಾ ಸಂಶೋಧನಾ ಪ್ರಯೋಗಾಲಯದ ಹರ್ಬರ್ಟ್ ಫ್ರೀಡ್‌ಮನ್ ತಂಡ ರಾಕೆಟ್ ಹಾರಿಸಿ ಕಂಡುಕೊಂಡಿತು. ಭೂಮಿಯ ವಾತಾವರಣ ಈ ಕಿರಣಗಳನ್ನು ನುಂಗಿಬಿಡುವುದರಿಂದ ರಾಕೆಟ್ ಬೇಕಾಯಿತು. ಆದರೆ ಅವು ಹೊರಡುವುದು ಎಲ್ಲಿಂದ? ನಕ್ಷತ್ರ ಸಿಡಿದ ಮೇಲೆ ಉಳಿಯುವ, ಕೆಲವೇ ಕಿಲೋಮೀಟರ್ ಗಾತ್ರದ ಸುಡುವ ನ್ಯೂಟ್ರಾನ್ ನಕ್ಷತ್ರದಿಂದಲೇ? ಅಂಥದ್ದೊಂದು ಇರಬಹುದೆಂಬುದು ಆಗ ಬರೀ ಊಹೆ. ಅದನ್ನು ಬೇರ್ಪಡಿಸಿ ತೋರಿಸಬಲ್ಲ ಉಪಕರಣ ಯಾರ ಬಳಿಯೂ ಇರಲಿಲ್ಲ.

ಕೊನೆಗೆ ಚಂದ್ರನೇ ಉಪಕರಣವಾದ. ಸುಮಾರು ಒಂಬತ್ತು ವರ್ಷಕ್ಕೊಮ್ಮೆ ಚಂದ್ರ ಏಡಿ ನೀಹಾರಿಕೆಯನ್ನು ಮರೆಮಾಡಿ ಸಾಗುತ್ತಾನೆ. ಕಿರಣದ ಮೂಲ ಚುಕ್ಕಿಯಷ್ಟಿದ್ದರೆ ಚಂದ್ರನ ಅಂಚು ತಗಲಿದೊಡನೆ ದೀಪ ಆರಿಸಿದಂತೆ ನಿಲ್ಲಬೇಕು. ಹರಡಿಕೊಂಡಿದ್ದರೆ ಮೆಲ್ಲಗೆ ಕುಗ್ಗಬೇಕು. ತರ್ಕ ಸರಳ, ಕೆಲಸ ಕಠಿಣ. ರಾಕೆಟ್ ವಾತಾವರಣದ ಮೇಲಿರುವುದು ಕೆಲವೇ ನಿಮಿಷ. ಆ ನಿಮಿಷಗಳಲ್ಲೇ ಚಂದ್ರನ ಅಂಚು ನೀಹಾರಿಕೆಯ ನಡುಭಾಗ ದಾಟಬೇಕು. ತಪ್ಪಿದರೆ ಮತ್ತೆ ವರ್ಷಗಟ್ಟಲೆ ಕಾಯಬೇಕು. 1964ರ ಜುಲೈ 7ರಂದು ನ್ಯೂ ಮೆಕ್ಸಿಕೊದಿಂದ ಹಾರಿದ ಏರೋಬೀ ರಾಕೆಟ್ ಹೊತ್ತು ತಪ್ಪಲಿಲ್ಲ. ಕ್ಷ-ಕಿರಣ ಮೆಲ್ಲಗೆ ಕುಗ್ಗಿತು. ಮೂಲದ ಅಗಲ ಸುಮಾರು ಒಂದು ಜ್ಯೋತಿರ್ವರ್ಷ.

ನ್ಯೂಟ್ರಾನ್ ನಕ್ಷತ್ರದ ಊಹೆ ಅಲ್ಲಿಗೆ ಬಿದ್ದುಹೋದಂತೆ ಕಂಡಿತು. ಕಾಂತಕ್ಷೇತ್ರದಲ್ಲಿ ಸುತ್ತುವ ಅತಿವೇಗದ ಎಲೆಕ್ಟ್ರಾನ್‌ಗಳೇ ಏಡಿಗೆ ಹೊಳಪು ಕೊಡುತ್ತವೆಂದು ರಷ್ಯದ ಶ್ಕ್ಲಾವ್‌ಸ್ಕಿ 1953ರಲ್ಲೇ ಹೇಳಿದ್ದರು. ಆದರೆ ಕ್ಷ-ಕಿರಣ ಸೂಸುವ ಎಲೆಕ್ಟ್ರಾನ್‌ಗಳು ಕೆಲವೇ ವರ್ಷಗಳಲ್ಲಿ ಶಕ್ತಿ ಕಳೆದುಕೊಳ್ಳಬೇಕು. ಒಂಬೈನೂರು ವರ್ಷ ಈ ಒಲೆಗೆ ಸೌದೆ ಹಾಕುತ್ತಿದ್ದವರು ಯಾರು? ಉತ್ತರ 1968ರಲ್ಲಿ ಸಿಕ್ಕಿತು: ನೀಹಾರಿಕೆಯ ಒಡಲಲ್ಲಿ ಸೆಕೆಂಡಿಗೆ ಮೂವತ್ತು ಸುತ್ತು ತಿರುಗುವ ಪಲ್ಸಾರ್, ಅಂದರೆ ಅದೇ ನ್ಯೂಟ್ರಾನ್ ನಕ್ಷತ್ರ! ಅದರ ತಿರುಗುವಿಕೆ ನಿಧಾನವಾಗುತ್ತಾ ಬಿಟ್ಟುಕೊಡುವ ಶಕ್ತಿಯೇ ಇಡೀ ನೀಹಾರಿಕೆಯನ್ನು ಬೆಳಗುತ್ತಿದೆ.

1989ರಲ್ಲಿ ಅಮೆರಿಕದ ವಿಪಲ್ ವೀಕ್ಷಣಾಲಯ ಏಡಿಯ ಅತಿಶಕ್ತ ಗಾಮಾ ಕಿರಣಗಳನ್ನು ಹಿಡಿಯಿತು. 2021ರಲ್ಲಿ ಚೀನಾದ ಲಾಸೋ ವೀಕ್ಷಣಾಲಯ ವರದಿ ಮಾಡಿದ ಒಂದು ಕಣದ ಶಕ್ತಿ, ನಮ್ಮ ಕಣ್ಣಿಗೆ ಕಾಣುವ ಬೆಳಕಿನ ಕಣದ ಕೋಟಿ ಕೋಟಿ ಪಟ್ಟಿಗಿಂತಲೂ ಹೆಚ್ಚು. ಬೆಂಗಳೂರಿನ ಭಾರತೀಯ ಖಭೌತ ವಿಜ್ಞಾನ ಸಂಸ್ಥೆಯೂ ಮುಂಬಯಿಯ ಟಾಟಾ ಸಂಸ್ಥೆಯೂ ಸೇರಿ ಲಡಾಖಿನ ಹಾನ್ಲೆಯಲ್ಲಿ ಕಟ್ಟಿದ ‘ಹಗಾರ್’ ದೂರದರ್ಶಕಗಳು ನೋಡಿದ ಗಾಮಾ ಮೂಲಗಳಲ್ಲಿ ಏಡಿಯೂ ಒಂದು.