ಮೂಕಪ್ರಾಣಿಯ ಮದ್ದಿಗೆ ಪಾತ್ರರು ಯಾರು?

ದಾನದ ಮಾತು ಬಂದಾಗ ಪಾತ್ರಾಪಾತ್ರ ವಿವೇಚನೆ ನಮ್ಮಲ್ಲಿ ಹಳೆಯದು. ದೇಶ, ಕಾಲ, ಪಾತ್ರ ಈ ಮೂರನ್ನೂ ಅರಿತು ಕೊಟ್ಟದ್ದು ಸಾತ್ತ್ವಿಕದಾನವೆಂದು ಗೀತೆಯ ಹದಿನೇಳನೆಯ ಅಧ್ಯಾಯ ಹೇಳುತ್ತದೆ. ಆದರೆ ನೋವು ಉಣ್ಣುವ ಜೀವ ಒಂದು, ಹಣ ತೆರಬೇಕಾದ ಕೈ ಇನ್ನೊಂದು ಆದಾಗ ಪಾತ್ರ ಯಾರು? ಪ್ರಾಣಿಗಳ ಧರ್ಮಾಸ್ಪತ್ರೆಗಳನ್ನು ಕಟ್ಟಿದ ಇಂಗ್ಲೆಂಡಿನ ಜನರಿಗೆ ಈ ಪ್ರಶ್ನೆ ನೂರು ವರ್ಷಕ್ಕೂ ಮಿಕ್ಕಿ ಎದುರಾಗುತ್ತಲೇ ಬಂದಿದೆ.

ಅಲ್ಲಿ ಮೊದಲು ಬಂದದ್ದು ದಂಡನೆ. ಮದ್ದು ಬಂದದ್ದು ಆಮೇಲೆ. ರಿಚರ್ಡ್ ಮಾರ್ಟಿನ್ ಎಂಬ ಸದಸ್ಯರ ಪ್ರಯತ್ನದಿಂದ 1822ರಲ್ಲಿ ಪಾರ್ಲಿಮೆಂಟು ದನ, ಕುದುರೆ ಮೊದಲಾದವುಗಳ ಮೇಲಿನ ಕ್ರೌರ್ಯವನ್ನು ಅಪರಾಧವೆಂದು ಸಾರಿತು. 1824ರಲ್ಲಿ ಪ್ರಾಣಿದಯಾ ಸಂಘ ಹುಟ್ಟಿತು. ಇದು ಒಳ್ಳೆಯ ಕೆಲಸವೇ. ಆದರೆ ಬಡ ಗಾಡಿಯವನ ಪಾಡನ್ನು ಯೋಚಿಸಿ. ಕುಂಟುವ ಕುದುರೆಯನ್ನು ಗಾಡಿಗೆ ಹೂಡಿದರೆ ದಂಡ, ಹೂಡದಿದ್ದರೆ ಉಪವಾಸ, ವೈದ್ಯರಲ್ಲಿಗೆ ಒಯ್ಯೋಣವೆಂದರೆ ಕೈಯಲ್ಲಿ ಕಾಸಿಲ್ಲ. ದಯೆ ತೋರಬೇಕೆಂದು ಕಾನೂನು ಹೇಳಿತು. ಅದರ ಖರ್ಚು ಯಾರದೆಂದು ಹೇಳಲಿಲ್ಲ.

ಈ ಕೊರತೆಯನ್ನು ತುಂಬಲು ಧರ್ಮಿಷ್ಠರು ಮುಂದೆ ಬಂದರು. 1897ರಲ್ಲಿ ಲಂಡನ್ನಿನಲ್ಲಿ ಮೂಕಮಿತ್ರರ ಸಂಘವೊಂದು ಸ್ಥಾಪನೆಯಾಗಿ, 1906ರಲ್ಲಿ ವಿಕ್ಟೋರಿಯಾ ಬಡಾವಣೆಯಲ್ಲಿ ಪ್ರಾಣಿಗಳ ಆಸ್ಪತ್ರೆಯನ್ನು ತೆರೆಯಿತು. ಈಗ ಬ್ಲೂ ಕ್ರಾಸ್ ಎನ್ನುವುದು ಇದನ್ನೇ. ಮೊದಲನೆಯ ಮಹಾಯುದ್ಧ ನಡೆಯುತ್ತಿದ್ದಾಗ, 1917ರ ನವೆಂಬರ್ 17ರಂದು, ಮೇರಿಯಾ ಡಿಕಿನ್ ಎಂಬ ಮಹಿಳೆ ವೈಟ್‌ಚಾಪೆಲ್ಲಿನ ಬಡವರ ಕೇರಿಯಲ್ಲಿ, ಒಂದು ನೆಲಮಾಳಿಗೆಯಲ್ಲಿ, ಔಷಧಾಲಯ ಆರಂಭಿಸಿದರು. ಎಲ್ಲ ಪ್ರಾಣಿಗಳಿಗೂ ಉಚಿತ ಚಿಕಿತ್ಸೆಯೆಂದು ಬಾಗಿಲಲ್ಲೇ ಬರೆದು ಹಾಕಿದ್ದರು. ನಾಯಿ, ಬೆಕ್ಕು, ಮೊಲ, ಕತ್ತೆಗಳೊಡನೆ ಜನ ನೆರೆದರು, ಜಾಗ ಸಾಲದಾಯಿತು. ಅಂದು ಅರ್ಹತೆಯ ಪ್ರಶ್ನೆ ಅಷ್ಟಾಗಿ ಕಾಡಿರಲಾರದು. ವೈಟ್‌ಚಾಪೆಲ್ಲಿನ ನೆಲಮಾಳಿಗೆಗೆ ಇಳಿದು ಬರುವ ಸಿರಿವಂತನೆಲ್ಲಿ? ಆ ಮೆಟ್ಟಿಲೇ ಪರೀಕ್ಷೆಯಾಗಿತ್ತು.

ಸಂಸ್ಥೆ ಬೆಳೆದಂತೆ ತಕರಾರೂ ಬೆಳೆಯಿತು. ಪಶುವೈದ್ಯರ ಆಕ್ಷೇಪಗಳು ಎರಡು. ಚಿಕಿತ್ಸೆ ನೀಡುವವರು ಪದವೀಧರರಲ್ಲ ಎಂಬುದು ಒಂದು. 1881ರ ಕಾಯಿದೆ ಪಶುವೈದ್ಯನೆಂಬ ಬಿರುದನ್ನು ಕಾಪಾಡಿತ್ತೇ ಹೊರತು, ಬೇರೆಯವರು ಮದ್ದು ಕೊಡುವುದನ್ನು ತಡೆದಿರಲಿಲ್ಲ. ಹಣವುಳ್ಳವರೂ ಪುಕ್ಕಟೆ ಚಿಕಿತ್ಸೆಗೆ ನುಗ್ಗುತ್ತಾರೆಂಬುದು ಎರಡನೆಯದು. ಇವನ್ನು ಬರಿಯ ಹೊಟ್ಟೆಕಿಚ್ಚೆಂದು ತಳ್ಳಿಹಾಕುವಂತಿಲ್ಲ. ತಪ್ಪು ಮದ್ದು ಕುಡಿದ ನಾಯಿ ದೂರು ಹೇಳಲಾರದು. ಮೋಟಾರು ಬಂದು ಕುದುರೆಗಳು ಬೀದಿಯಿಂದ ಮರೆಯಾದ ಮೇಲೆ, ನಗರದ ವೈದ್ಯರು ಬದುಕಬೇಕಾದದ್ದೂ ನಾಯಿಬೆಕ್ಕುಗಳಿಂದಲೇ.

1948ರ ಪಶುವೈದ್ಯ ಕಾಯಿದೆ ಚಿಕಿತ್ಸೆಯ ಅಧಿಕಾರವನ್ನು ಮುಖ್ಯವಾಗಿ ಪದವೀಧರರಿಗೆ ಮೀಸಲಿಟ್ಟಿತು. ಡಿಕಿನ್ನರ ಸಂಸ್ಥೆಗಾಗಿಯೇ 1949ರಲ್ಲಿಯೂ 1956ರಲ್ಲಿಯೂ ಪ್ರತ್ಯೇಕ ಕಾಯಿದೆಗಳಾದವು. ಪಶುವೈದ್ಯರಿಗೆ ಹಣ ತೆರಲಾರದವರ ಪ್ರಾಣಿಗಳಿಗೆ ಉಚಿತ ಚಿಕಿತ್ಸೆ ಎಂಬುದು ಸಂಸ್ಥೆಯ ಗುರಿ. ಹೀಗೆ ಕೇರಿಯ ಮೆಟ್ಟಿಲು ಮಾಡುತ್ತಿದ್ದ ಕೆಲಸ ಕಾಗದದ ಪಾಲಿಗೆ ಬಂತು. ಡಿಕಿನ್ 1951ರಲ್ಲಿ ತೀರಿಕೊಂಡರು.

ಇಲ್ಲೊಂದು ವೈಚಿತ್ರ್ಯವನ್ನು ಗಮನಿಸಬೇಕು. ಅದೇ 1948ರ ಜುಲೈ 5ರಂದು ಬ್ರಿಟನ್ನಿನ ರಾಷ್ಟ್ರೀಯ ಆರೋಗ್ಯ ಸೇವೆ ಆರಂಭವಾಯಿತು. ಮನುಷ್ಯ ಕಾಯಿಲೆ ಬಿದ್ದರೆ ಅವನ ವರಮಾನ ವಿಚಾರಿಸದೆ ಚಿಕಿತ್ಸೆ ನೀಡಬೇಕೆಂದು ದೇಶ ನಿಶ್ಚಯಿಸಿತು. ಅವನ ಬೆಕ್ಕು ಕಾಯಿಲೆ ಬಿದ್ದರೆ ಮಾತ್ರ ಅವನ ವರಮಾನವನ್ನು ವಿಚಾರಿಸುವ ಪದ್ಧತಿ ಉಳಿಯಿತು. ಇಂದಿಗೂ ಆ ಸಂಸ್ಥೆಯಲ್ಲಿ ಉಚಿತ ಚಿಕಿತ್ಸೆ ಬೇಕಾದವನು ಸರಕಾರದ ಗೊತ್ತಾದ ಸಹಾಯಧನ ಪಡೆಯುತ್ತಿರಬೇಕು, ಆಸ್ಪತ್ರೆಯ ಸರಹದ್ದಿನೊಳಗೆ ವಾಸಿಸುತ್ತಿರಬೇಕು. ದೇಶವೂ ಪಾತ್ರವೂ ಹೀಗೆ ಲೆಕ್ಕಕ್ಕೆ ಸಿಕ್ಕಿದವು. ಗೆರೆಯಿಂದ ಒಂದು ಕೂದಲೆಳೆ ಮೇಲಿರುವವನ, ಗಡಿಯಿಂದ ಒಂದು ಬೀದಿ ಆಚೆಗಿರುವವನ ಪ್ರಾಣಿ ಹೊರಗುಳಿಯಿತು. ಅದರ ನೋವೇನೂ ಕಡಿಮೆಯಲ್ಲ.

ಸಾಕಲು ಶಕ್ತಿಯಿಲ್ಲದವನು ಪ್ರಾಣಿಯನ್ನೇಕೆ ಸಾಕಬೇಕು ಎಂದು ಕೇಳುವವರುಂಟು. ವೈಟ್‌ಚಾಪೆಲ್ಲಿನ ತಳ್ಳುಗಾಡಿಯವನಿಗಿಂತ ಮೇಲಿನವನಾದ ಕತ್ತೆಗಾಡಿಯವನಿಗೆ ಆ ಕತ್ತೆಯೇ ಅನ್ನದಾತ. ಒಂಟಿ ಮುದುಕಿಗೆ ಬೆಕ್ಕು ಮನೆಯಲ್ಲಿ ಉಳಿದ ಒಂದೇ ಜೀವ. ಬಡತನ ಬಂದಿತೆಂದು ಒಡನಾಡಿಯನ್ನು ಹೊರಗಟ್ಟೆನ್ನುವುದು ನ್ಯಾಯವಾಗಲಾರದು.

ಹಾಗೆಂದು ಗೆರೆಯೇ ಬೇಡವೆನ್ನಲು ಬಾರದು. ದಾನಿಗಳ ಹಣಕ್ಕೆ ಮಿತಿಯಿದೆ. ಉಳ್ಳವನು ಬಾಚಿಕೊಂಡರೆ ಇಲ್ಲದವನಿಗೆ ಉಳಿಯದು. ಒಡೆಯನ ಚೀಲವನ್ನು ಅಳೆಯುವುದು ಅನಿವಾರ್ಯ. ಆದರೆ ಅಳೆಯುವವರು ಒಂದನ್ನು ನೆನಪಿಡಬೇಕು: ಅರ್ಜಿ ಬರೆದವನು ಒಡೆಯ, ಪಾತ್ರ ಮಾತ್ರ ಆ ಪ್ರಾಣಿ. ಗೆರೆಯ ಆಚೆಗಿನವನನ್ನು ಬರಿಗೈಯಲ್ಲಿ ಕಳಿಸದೆ, ಅರ್ಧ ಬೆಲೆಗೋ ಕಂತಿನ ಮೇಲೋ ಚಿಕಿತ್ಸೆಯ ದಾರಿ ತೋರಿಸಿದರೆ ಆ ದಾನ ಸಾತ್ತ್ವಿಕವಾಗಿ ಉಳಿದೀತು.